ಮಹಾರಾಷ್ಟ್ರ ರಾಜ್ಯಪಾಲರಿಗೆ ನಾಲ್ಕು ಊರುಗಳಲ್ಲಿ ನಿವಾಸ ಏಕೆ? ಇಲ್ಲಿದೆ ಕಾರಣ

ಮುಂಬೈ: ಮಹಾರಾಷ್ಟ್ರ ರಾಜ್ಯಪಾಲರಿಗೆ ಮುಂಬೈ, ಮಹಾಬಲೇಶ್ವರ, ಪುಣೆ ಹಾಗೂ ನಾಗಪುರದಲ್ಲಿ ಅಧಿಕೃತ ನಿವಾಸಗಳಿವೆ. ಮೊದಲ ಮೂರಕ್ಕೆ ಕಾರಣ ಋತುಮಾನ.

ಬ್ರಿಟಿಷರ ಕಾಲದಲ್ಲಿ ಬಾಂಬೆ ಗವರ್ನರ್ ಚಳಿಗಾಲವನ್ನು ಮುಂಬೈನಲ್ಲಿ ಕಳೆಯುತ್ತಿದ್ದರು. ಸೆಕೆ ಏರಿದರೆ ಮಹಾಬಲೇಶ್ವರದ ಬೆಟ್ಟಕ್ಕೆ ಹೊರಡುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿ ವಿಪರೀತ ಮಳೆ. ಹೀಗಾಗಿ ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ಪುಣೆಯ ಗಣೇಶಖಿಂಡ್‌ಗೆ ಇಳಿಯುತ್ತಿದ್ದರು. ಆಡಳಿತವೂ ಅವರ ಬೆನ್ನಿಗೇ ಸಾಗುತ್ತಿತ್ತು. ಆದರೆ ಪರೇಲ್‌ನ ಗಿರಣಿ ಕಾರ್ಮಿಕರಿಗೆ ಸೆಕೆಯಾದರೂ ಮಳೆಯಾದರೂ ಚಾಳೇ ಗತಿ.

ಗಣೇಶಖಿಂಡ್‌ನ ಅಂದಿನ ಬಂಗಲೆ ಈಗ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ.

ನಾಗಪುರದ ಕಥೆ ಬೇರೆ. 1956ರವರೆಗೆ ಅದು ಮಧ್ಯಪ್ರದೇಶದ ರಾಜಧಾನಿ. ವಿದರ್ಭ ಕಡೆಗಣನೆಗೆ ಒಳಗಾಗಬಾರದೆಂದು 1953ರ ನಾಗಪುರ ಒಪ್ಪಂದದಂತೆ ವಿಧಾನಮಂಡಲದ ಚಳಿಗಾಲದ ಅಧಿವೇಶನ ಈಗಲೂ ಅಲ್ಲಿಯೇ ನಡೆಯುತ್ತದೆ.