ಹಳೆಯ ವ್ಯಾನಿನ ದೀಪಗಳು ಹೇಳುವುದೇನು?

ಹಿಂಬದಿಯಲ್ಲಿ ಎಂಜಿನ್, ಒಳಗೆ ಮಲಗಲು ಹಾಸಿಗೆ, ಒಲೆ, ನೀರಿನ ಕ್ಯಾನು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ತಯಾರಿಸಲಾರಂಭಿಸಿದ ‘ಟೈಪ್ 2’ ವ್ಯಾನು ಹಲವರಿಗೆ ಹೀಗೆ ಚಕ್ರದ ಮೇಲಿನ ಮನೆಯಾಯಿತು. 1960-70ರ ದಶಕಗಳಲ್ಲಿ ಯುರೋಪಿನ ಯುವಜನರು ಇಂಥ ವ್ಯಾನುಗಳಲ್ಲಿ ಇಸ್ತಾನ್‌ಬುಲ್, ಟೆಹರಾನ್, ಕಾಬೂಲ್ ದಾಟಿ ಭಾರತಕ್ಕೂ ಬರುತ್ತಿದ್ದರು. ಇಂದಿಗೂ ಓಡುತ್ತಿರುವ ಈ ಮುದಿ ವ್ಯಾನುಗಳನ್ನು ಕಾಡುವ ತೊಂದರೆಗಳಲ್ಲೊಂದು ಕಣ್ಣಿಗೆ ಸುಲಭವಾಗಿ ಬೀಳದಂಥದು: ಕೆಟ್ಟ ‘ಅರ್ಥ್’.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಮರಳಿ ಬ್ಯಾಟರಿಗೇ ಸೇರಬೇಕಷ್ಟೆ? ಹೋಗಲು ವೈರು ಇದೆ. ಹಿಂತಿರುಗುವ ದಾರಿ ವ್ಯಾನಿನ ಲೋಹದ ಬಾಡಿ. ಗ್ಯಾರೇಜಿನವರು ಅರ್ಥ್ ಎನ್ನುವುದು ಇದನ್ನೇ. ಮನೆಯ ಅರ್ಥಿಂಗ್‌ನಂತೆ ಇದು ನೆಲಕ್ಕಿಳಿಯುವುದಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರಿನ ಮೇಲೆ ಕೂತಿರುವುದರಿಂದ, ಅವಕ್ಕೂ ಬಾಡಿಗೂ ಹೆಣೆದ ಲೋಹದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಅದರ ಬೋಲ್ಟಿನಡಿ ತುಕ್ಕು ಸೇರಿದರೆ? ಸ್ಟಾರ್ಟರ್ 200 ಆಂಪಿಯರ್ ಎಳೆಯುವಾಗ ಓಮ್‌ನ ನೂರನೆಯ ಒಂದು ಭಾಗದಷ್ಟು ರೋಧವೂ 2 ವೋಲ್ಟ್ ನುಂಗುತ್ತದೆ. 12 ವೋಲ್ಟಿನಲ್ಲಿ ಆರನೆಯ ಒಂದು ಪಾಲು ಅಲ್ಲಿಗೇ ಖರ್ಚು! ಪಟ್ಟಿ ಕಡಿದೇ ಹೋದರೆ ವಿದ್ಯುತ್ತು ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳ ಮೂಲಕ ಹರಿದು ಅವನ್ನು ಸುಡಲೂಬಹುದು.

ಚಾಲಕನೆದುರಿನ ಕೆಂಪು ದೀಪದ ಒಂದು ಬದಿಗೆ ಬ್ಯಾಟರಿ, ಇನ್ನೊಂದು ಬದಿಗೆ ಡೈನಮೊ. ಎರಡೂ ಕಡೆ ವೋಲ್ಟೇಜ್ ಸಮವಾದಾಗ ಅದು ಆರುತ್ತದೆ. ಎಂಜಿನ್ ಓಡುವಾಗ ಮಂಕಾಗಿ ಮಿನುಗಿದರೆ ಜೋಡಣೆಗಳಲ್ಲಿ ತುಕ್ಕಿದೆಯೇ ಎಂದು ಹುಡುಕಬೇಕು. ದಾರಿಯಲ್ಲಿ ಪ್ರಖರವಾಗಿ ಹತ್ತಿಕೊಂಡರೆ ಮಾತ್ರ ಒಡನೆಯೇ ನಿಲ್ಲಿಸಬೇಕು. ಏಕೆಂದರೆ 1960ರ ದಶಕದ ಮಾದರಿಗಳಲ್ಲಿ ಎಂಜಿನ್ ತಂಪಾಗುವುದು ನೀರಿನಿಂದಲ್ಲ, ಗಾಳಿಯಿಂದ. ಗಾಳಿ ಊದುವ ಫ್ಯಾನನ್ನೂ ಡೈನಮೊವನ್ನೂ ತಿರುಗಿಸುವುದು ಒಂದೇ ಬೆಲ್ಟು. ಬ್ಯಾಟರಿ ತಾನೆ, ಊರು ಸೇರಿ ನೋಡೋಣ ಎಂದು ಮುಂದುವರಿದರೆ ಎಂಜಿನ್ನೇ ಕೈಕೊಟ್ಟೀತು.

ಆಯಿಲ್ ದೀಪದ ರೀತಿ ಬೇರೆ. ಆಯಿಲ್ ಒತ್ತಡ ಕುಸಿದಾಗ ಎಂಜಿನ್‌ಗೆ ತಿರುಚಿ ಕೂರಿಸಿದ ಸ್ವಿಚ್ಚು ಆ ದೀಪಕ್ಕೆ ಅರ್ಥ್ ಒದಗಿಸುತ್ತದೆ. ವೈರು ಕಡಿದಿದ್ದರೆ ಒತ್ತಡ ಬಿದ್ದರೂ ದೀಪ ಹತ್ತದು. ಚಾಲಕ ನಿಶ್ಚಿಂತೆಯಿಂದ ಓಡಿಸುತ್ತಲೇ ಇರುತ್ತಾನೆ.

ಅರ್ಥ್ ಪರೀಕ್ಷೆ ಕಷ್ಟವೇನಲ್ಲ. ವೋಲ್ಟ್ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಸ್ವಚ್ಛ ಲೋಹಕ್ಕೂ ಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಅರ್ಧ ವೋಲ್ಟ್ ಮೀರಿದರೆ ದಾರಿ ಕೆಟ್ಟಿದೆಯೆಂದೇ ಅರ್ಥ. ಆಗ ಮೊದಲು ಬ್ಯಾಟರಿಯ ಋಣ ಕೇಬಲ್ ಕಳಚಬೇಕು. ಇಲ್ಲವಾದರೆ ಸ್ಪ್ಯಾನರ್ ಬಾಡಿಗೆ ತಗುಲಿ ಶಾರ್ಟ್ ಆಗಬಹುದು. ಪಟ್ಟಿಯ ಎರಡೂ ತುದಿಗಳನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಬೇಕು. ಋಣ ಕೇಬಲ್ ಜೋಡಿಸುವುದು ಎಲ್ಲಕ್ಕಿಂತ ಕೊನೆಗೆ.

ಇಷ್ಟಕ್ಕೂ ಮುನ್ನ ಪ್ರತಿದಿನ ಮಾಡಬಹುದಾದ ಪರೀಕ್ಷೆಯೊಂದಿದೆ: ಕೀಲಿ ತಿರುಗಿಸಿ, ಎಂಜಿನ್ ಹೊರಡಿಸುವ ಮೊದಲು ಎರಡೂ ದೀಪ ಹತ್ತಿವೆಯೇ ನೋಡುವುದು. ಹತ್ತಿದ ದೀಪ ಎಚ್ಚರಿಸುತ್ತದೆ. ಹತ್ತಬೇಕಾದಾಗ ಹತ್ತದ ದೀಪವೇ ಹೆಚ್ಚು ಅಪಾಯಕಾರಿ.