ಪಕ್ಷಾತೀತ ನೀತಿ ಸಂಶೋಧನೆ ಮತ್ತು ಕರಾವಳಿಯ ಗ್ರಾಮ: ಮಿಜಾರಿನ ನೆಲೆಯಿಂದ ಒಂದು ಅವಲೋಕನ

ರಾಜ್ಯ ಸರ್ಕಾರ ಕೈಗೊಳ್ಳುವ ತೀರ್ಮಾನಗಳಿಗೆ ಮೂರು ಮೂಲಗಳಿಂದ ತಿಳಿವಳಿಕೆ ದೊರೆಯುತ್ತದೆ. ಮೊದಲನೆಯದು ಇಲಾಖೆಗಳ ಕಡತ ಮತ್ತು ಅಂಕಿಅಂಶ. ಎರಡನೆಯದು ಚುನಾಯಿತ ಪ್ರತಿನಿಧಿಗಳು ತರುವ ಜನಾಭಿಪ್ರಾಯ. ಮೂರನೆಯದು ಇವೆರಡರಿಂದಲೂ ಹೊರಗೆ ನಿಂತು, ಕಾಯಿದೆಯೊಂದು ಯಾರನ್ನು ತಲುಪಿತು, ಯಾರನ್ನು ತಲುಪಲಿಲ್ಲ ಎಂಬುದನ್ನು ಪರಿಶೀಲಿಸುವ ಸಂಶೋಧನೆ. ಈ ಮೂರನೆಯ ಬಗೆಯ ಕಾರ್ಯಕ್ಕೆ ಕರ್ನಾಟಕದಲ್ಲಿ ದೊರೆತ ಸಾಂಸ್ಥಿಕ ರೂಪವನ್ನು ಪರಿಚಯಿಸಿ, ಮೂಡುಬಿದಿರೆ ಸಮೀಪದ ಮಿಜಾರಿನಂತಹ ಗ್ರಾಮವನ್ನು ಅದು ಎಷ್ಟರಮಟ್ಟಿಗೆ ಕಾಣಬಲ್ಲದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು (ಐಸೆಕ್) 1972ರಲ್ಲಿ ಅರ್ಥಶಾಸ್ತ್ರಜ್ಞ ಡಾ. ವಿ.ಕೆ.ಆರ್.ವಿ. ರಾವ್ ಸ್ಥಾಪಿಸಿದರು. ಅದಕ್ಕೂ ಮೊದಲು ಅವರು ದೆಹಲಿಯಲ್ಲಿ ಎರಡು ಪ್ರಮುಖ ಅರ್ಥಶಾಸ್ತ್ರ ಸಂಸ್ಥೆಗಳನ್ನು ಕಟ್ಟಿದ್ದರು. ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರ ಸಚಿವರೂ ಆಗಿದ್ದರು. ಅಧಿಕಾರವನ್ನು ಒಳಗಿನಿಂದ ಬಲ್ಲವರು ಅಧಿಕಾರದ ಹೊರಗೆ ನಿಲ್ಲುವ ಸಂಸ್ಥೆಯೊಂದನ್ನು ಬಯಸಿದರೆಂಬುದು ಗಮನಾರ್ಹ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆರಂಭದ ವರ್ಷಗಳಲ್ಲಿ ಅವರೊಂದಿಗೆ ಇದ್ದರು. ಹೀಗಾಗಿ ಅಂಕಿಅಂಶದ ವಿಶ್ಲೇಷಣೆ ಮತ್ತು ಗ್ರಾಮದ ಪ್ರತ್ಯಕ್ಷ ಅಧ್ಯಯನ ಎಂಬ ಎರಡು ಪರಂಪರೆಗಳು ಸಂಸ್ಥೆಯ ತಳಹದಿಯಲ್ಲೇ ಕೂಡಿದವು. ಕೃಷಿ, ವಿಕೇಂದ್ರೀಕರಣ, ಜನಸಂಖ್ಯೆ, ಪರಿಸರ ಮೊದಲಾದ ವಿಷಯಗಳಿಗೆ ಅಲ್ಲಿ ಪ್ರತ್ಯೇಕ ಕೇಂದ್ರಗಳಿವೆ.

ಈ ಸಂಸ್ಥೆಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಮತ್ತು ರಾಜ್ಯ ಸರ್ಕಾರಗಳ ಅನುದಾನವಿದೆ. ಸರ್ಕಾರದ ಹಣ ಪಡೆಯುವ ಸಂಸ್ಥೆ ಪಕ್ಷಾತೀತವಾಗಿರುವುದು ಹೇಗೆ ಎಂಬ ಪ್ರಶ್ನೆ ಸಹಜ. ಉತ್ತರವನ್ನು ಹಣದ ಮೂಲದಲ್ಲಿ ಮಾತ್ರ ಹುಡುಕಿದರೆ ಸಾಲದು. ಪ್ರಶ್ನೆಯನ್ನು ಯಾರು ರೂಪಿಸುತ್ತಾರೆ, ಫಲಿತಾಂಶ ಪ್ರಕಟವಾಗುತ್ತದೆಯೇ, ಅದನ್ನು ಬೇರೆಯವರು ಪರೀಕ್ಷಿಸಬಹುದೇ ಎಂಬುದರಲ್ಲಿ ಹುಡುಕಬೇಕು. 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಬೆಂಗಳೂರಿನಲ್ಲಿ ಆರಂಭಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಇನ್ನೊಂದು ಮಾರ್ಗ ಹಿಡಿಯಿತು. ನೀರು, ವಿದ್ಯುತ್ತು ಮುಂತಾದ ಸೇವೆಗಳ ಬಗ್ಗೆ ನಾಗರಿಕರನ್ನೇ ಕೇಳಿ, ಇಲಾಖೆಗಳಿಗೆ ಅಂಕಪಟ್ಟಿ ನೀಡುವುದು ಅದರ ವಿಧಾನ.

ಇಂತಹ ಸಂಶೋಧನೆಯ ಮಹತ್ವವನ್ನು ಅರಿಯಲು ಭೂಸುಧಾರಣೆಗಿಂತ ಸೂಕ್ತ ಉದಾಹರಣೆ ಇಲ್ಲ. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರ್ಕಾರದಲ್ಲಿ ನಿಹಿತವಾಗಿ, ಗೇಣಿದಾರನು 7ನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕು ಪಡೆಯುವ ಏರ್ಪಾಡಾಯಿತು. ಭೂ ನ್ಯಾಯಮಂಡಳಿಗಳು ಅರ್ಜಿಗಳನ್ನು ವಿಚಾರಿಸಿದವು. ಅರ್ಜಿಯ ಗಡುವು ವಿಸ್ತರಣೆಗೊಂಡು 1979ರ ಜೂನ್ 30ಕ್ಕೆ ಮುಗಿಯಿತು. 1956ರವರೆಗೆ ಮದ್ರಾಸು ಆಡಳಿತದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಪದ್ಧತಿಗಳು ವ್ಯಾಪಕವಾಗಿದ್ದುದರಿಂದ ಕಾಯಿದೆಯ ಪರಿಣಾಮವೂ ಇಲ್ಲಿ ಆಳವಾಗಿತ್ತು. ‘ಡಿಕ್ಲರೇಶನ್’ ಎಂಬ ಶಬ್ದ ಈ ಭಾಗದ ಮನೆಮಾತಾದುದು ಆಗಲೇ.

ಈ ಕ್ರಮವನ್ನು ಜಾರಿಗೊಳಿಸುವಲ್ಲಿ ಭಾಗಿಯಾದ ಅಧಿಕಾರಿ ಎಂ.ಎ.ಎಸ್. ರಾಜನ್ 1986ರಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದರು. ಅದಕ್ಕೆ ಮೊದಲೇ, 1984ರಲ್ಲಿ, ಜಿ. ತಿಮ್ಮಯ್ಯ ಮತ್ತು ಅಬ್ದುಲ್ ಅಜೀಜ್ ಭೂಸುಧಾರಣೆಯ ರಾಜಕೀಯ ಅರ್ಥಶಾಸ್ತ್ರವನ್ನು ಕುರಿತ ಗ್ರಂಥ ರಚಿಸಿದ್ದರು; ಇಬ್ಬರೂ ಐಸೆಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. ಆಡಳಿತದ ಒಳಗಿನ ಸಾಕ್ಷ್ಯ ಮತ್ತು ಹೊರಗಿನ ಪರಿಶೀಲನೆ ಎರಡೂ ಲಭ್ಯವಿರುವುದರಿಂದಲೇ ಇಂದಿನ ಸಂಶೋಧಕನು ಪ್ರಶಂಸೆ, ನಿಂದೆಗಳೆರಡನ್ನೂ ಮೀರಿ ವಿಷಯವನ್ನು ನೋಡಬಲ್ಲನು. ಕಾಯಿದೆ ಕೈಹಿಡಿದದ್ದು ಗೇಣಿದಾರನನ್ನು. ಯಾವ ಗೇಣಿಯೂ ಇಲ್ಲದೆ ಕೂಲಿಯಿಂದಲೇ ಬದುಕುತ್ತಿದ್ದವನಿಗೆ ಗದ್ದೆಯ ಒಡೆತನ ಅದರಿಂದ ಬರಲಿಲ್ಲ. ಹೆಚ್ಚೆಂದರೆ ವಾಸದ ಮನೆಯ ನಿವೇಶನದ ಹಕ್ಕು ಬಂತು. ವಿಲೇವಾರಿಯಾದ ಅರ್ಜಿಗಳನ್ನು ಮಾತ್ರ ಎಣಿಸಿದರೆ ಈ ವ್ಯತ್ಯಾಸ ಕಾಣುವುದಿಲ್ಲ, ಏಕೆಂದರೆ ಕೂಲಿಯವನು ಆ ಅರ್ಜಿಯನ್ನೇ ಹಾಕಿರುವುದಿಲ್ಲ.

ಈ ಹಿನ್ನೆಲೆಯಲ್ಲಿ ಮಿಜಾರನ್ನು ನೋಡಬೇಕು. ತೆಂಕಮಿಜಾರು, ಬಡಗಮಿಜಾರು ಎಂದು ಗುರುತಿಸಲ್ಪಡುವ ಈ ಪ್ರದೇಶ ಮಂಗಳೂರು–ಮೂಡುಬಿದಿರೆ ಹೆದ್ದಾರಿಯ ಆಸುಪಾಸಿನಲ್ಲಿದೆ. ಘಟ್ಟದ ಮೇಲಿನ ಊರುಗಳಂತೆ ಇಲ್ಲಿ ಮನೆಗಳು ಒಂದೆಡೆ ಗುಂಪುಗೂಡಿಲ್ಲ. ಗದ್ದೆ, ತೋಟಗಳ ನಡುವೆ ಚದುರಿವೆ. ನೀರಿನ ಲಭ್ಯತೆಗೆ ಅನುಗುಣವಾಗಿ ಗದ್ದೆಗಳು ಬೈಲು, ಮಜಲು, ಬೆಟ್ಟು ಎಂದು ವಿಂಗಡವಾಗುತ್ತವೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳ ಲೆಕ್ಕಾಚಾರ ಇದನ್ನು ಆಧರಿಸಿದೆ. ವರ್ಗ ಜಮೀನಿಗೆ ತಾಗಿದ ಸರ್ಕಾರಿ ಭೂಮಿಯಿಂದ ಸೊಪ್ಪು, ಸೌದೆ ಪಡೆಯುವ ಕುಮ್ಕಿ ಸವಲತ್ತು ಈ ಕೃಷಿಗೆ ಆಧಾರವಾಗಿತ್ತು. 1964ರ ಭೂಕಂದಾಯ ಕಾಯಿದೆಯ 79ನೇ ಪ್ರಕರಣ ಅದನ್ನು ಮುಂದುವರಿಸಿತು; ಆದರೆ ಸವಲತ್ತು ಒಡೆತನವಲ್ಲ. ಕುಮ್ಕಿಯನ್ನು ಸರ್ಕಾರಿ ಜಮೀನೆಂದಷ್ಟೇ ಬರೆಯುವ ಪಟ್ಟಿ ಅದನ್ನು ಬಳಸುವ ಕೃಷಿಕನನ್ನು ಬಿಡುತ್ತದೆ. ಕೃಷಿಕನದೆಂದು ಬರೆದರೆ ನಿವೇಶನಕ್ಕಾಗಿ ಕಾದಿರುವ ಭೂರಹಿತನ ಪ್ರಶ್ನೆ ಮರೆಯಾಗುತ್ತದೆ.

ಎಣಿಕೆಯ ಘಟಕದ ಸಮಸ್ಯೆ ಇನ್ನೂ ಮುಖ್ಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ 35 ಸೂಚಕಗಳ ಆಧಾರದಿಂದ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಪ್ರಾದೇಶಿಕ ಅಸಮಾನತೆಯನ್ನು ಭಾವನೆಯ ಮಟ್ಟದಿಂದ ಅಳತೆಯ ಮಟ್ಟಕ್ಕೆ ತಂದ ಕೀರ್ತಿ ಆ ವರದಿಯದು. ಆಗ ಮಿಜಾರು ಮಂಗಳೂರು ತಾಲ್ಲೂಕಿನಲ್ಲಿತ್ತು. ಬಂದರು, ಕೈಗಾರಿಕೆ, ಆಸ್ಪತ್ರೆಗಳಿರುವ ನಗರದ ಸರಾಸರಿಯೊಳಗೆ ಬೆಟ್ಟು ಗದ್ದೆಯ ಕೃಷಿಕನ ಸ್ಥಿತಿಯೂ ಸೇರಿಹೋಯಿತು. ಮೂಡುಬಿದಿರೆ ಪ್ರತ್ಯೇಕ ತಾಲ್ಲೂಕಾದದ್ದು ಆ ಬಳಿಕ. ಐಸೆಕ್‌ನ ನಿರ್ದೇಶಕರಾಗಿದ್ದ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ 2024ರಲ್ಲಿ ಹೊಸ ಸಮಿತಿ ನೇಮಕವಾದಾಗ ಈ ಘಟಕದ ಪ್ರಶ್ನೆ ಮತ್ತೆ ಪ್ರಸ್ತುತವಾಯಿತು.

ಈ ನಡುವೆ ಗ್ರಾಮವೂ ಬದಲಾಗಿದೆ. 2008ರಲ್ಲಿ ಮಿಜಾರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧವನ್ನು 2020ರ ತಿದ್ದುಪಡಿ ತೆಗೆದುಹಾಕಿತು. 1974ರ ಕಾಯಿದೆಯಿಂದ ಬಂದ ಹಿಡುವಳಿಗಳಲ್ಲಿ ಎಷ್ಟು ಕೃಷಿಯಲ್ಲೇ ಉಳಿದಿವೆ, ಎಷ್ಟು ಹಡಿಲು ಬಿದ್ದಿವೆ, ಎಷ್ಟು ಕೈಬದಲಾಗಿವೆ ಎಂಬುದನ್ನು ಗ್ರಾಮವಾರು ತಿಳಿಯದೆ ಈ ತಿದ್ದುಪಡಿ ಒಳಿತೋ ಕೆಡುಕೋ ಎಂದು ವಾದಿಸುವುದು ಪಕ್ಷಗಳ ಕೆಲಸವಾದೀತೇ ಹೊರತು ಸಂಶೋಧನೆಯಾಗದು.

ಇಲ್ಲಿ ಎರಡು ಅಗತ್ಯಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ತಾಲ್ಲೂಕಿನ ಸರಾಸರಿಯ ಜೊತೆಗೆ ಗ್ರಾಮ ಪಂಚಾಯಿತಿಯನ್ನೂ ಅಧ್ಯಯನದ ಘಟಕವಾಗಿಸಿ, ಕುಮ್ಕಿ, ಮೂಲಗೇಣಿಗಳಂತಹ ಸ್ಥಳೀಯ ವರ್ಗೀಕರಣಗಳನ್ನು ಪ್ರಶ್ನಾವಳಿಯಲ್ಲೇ ಸೇರಿಸಬೇಕು. ಎರಡನೆಯದಾಗಿ, ಬಹುಪಾಲು ಇಂಗ್ಲಿಷಿನಲ್ಲಿರುವ ಇಂತಹ ವರದಿಗಳು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಬೇಕು. ತನ್ನ ಬಗ್ಗೆ ಬರೆದುದನ್ನು ಓದಿ ತಿದ್ದುವ ಅವಕಾಶ ಗ್ರಾಮಕ್ಕೆ ದೊರೆತಾಗ ಅಂಕಿಅಂಶದ ವಿಶ್ವಾಸಾರ್ಹತೆ ಹೆಚ್ಚುತ್ತದೆ; ಸಂಸ್ಥೆ ಯಾವ ಪಕ್ಷದ ಪರವೂ ಅಲ್ಲವೆಂಬುದನ್ನು ಗ್ರಾಮಸ್ಥರೇ ಪರೀಕ್ಷಿಸಿ ತಿಳಿಯಲೂ ಅದರಿಂದ ಸಾಧ್ಯವಾಗುತ್ತದೆ.