ಸ್ವಿಚ್ ಒತ್ತುವ ಮೊದಲೇ 725 ರೂಪಾಯಿ

ಬೆಂಗಳೂರಿನ ಫ್ಲ್ಯಾಟೊಂದನ್ನು ಊಹಿಸಿಕೊಳ್ಳಿ. ಗ್ಯಾಸ್ ಸಿಲಿಂಡರ್ ಇಲ್ಲ, ಸೋಲಾರ್ ಇಲ್ಲ. ಒಲೆ ಇಂಡಕ್ಷನ್, ಎರಡು ಬಚ್ಚಲಿಗೆ ಎರಡು ಗೀಸರ್. ಮಂಜೂರಾದ ಲೋಡ್ 5 ಕಿಲೋವ್ಯಾಟ್. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ವಿದ್ಯುತ್ ದರದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ರೂಪಾಯಿ. ಅಂದರೆ ಮನೆಗೆ ಬೀಗ ಹಾಕಿ ಊರಿಗೆ ಹೋದರೂ ತಿಂಗಳಿಗೆ 725 ರೂಪಾಯಿ ಬಿಲ್ಲಿಗೆ ಏರುತ್ತದೆ!

ಇನ್ನು ಯೂನಿಟ್. 1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಅಷ್ಟನ್ನು ತಿನ್ನಲು ನೂರು ಗಂಟೆಗೂ ಹೆಚ್ಚು ಬೇಕು. 2000 ವ್ಯಾಟ್‌ನ ಗೀಸರಿಗೆ ಅರ್ಧ ಗಂಟೆ ಸಾಕು. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಹೆಚ್ಚುಕಡಿಮೆ ಒಂದು ಯೂನಿಟ್ಟೇ ಬೇಕು. ದಿನಕ್ಕೊಮ್ಮೆ ಎರಡೂ ಗೀಸರ್ ಕಾದರೆ ತಿಂಗಳಿಗೆ 60. ಹಾಲ್‌ನ ದೀಪ ಆರಿಸಲಿಲ್ಲವೆಂದು ಮಕ್ಕಳನ್ನು ಗದರುವ ಮನೆಯಲ್ಲಿ ಬಚ್ಚಲಿನ ಕೆಂಪು ದೀಪವನ್ನು ಯಾರೂ ನೋಡುವುದಿಲ್ಲ.

ನಿಜವಾದ ಪೇಚಾಟ 200 ಯೂನಿಟ್ಟಿನ ಗಡಿಯದು. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಉಚಿತದ ಮಿತಿ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು. ಆ ಮಿತಿ ದಾಟಿ 200ರೊಳಗೇ ಉಳಿದರೆ ಹೆಚ್ಚುವರಿಗಷ್ಟೇ ಹಣ. 201ನೇ ಯೂನಿಟ್ ತಿರುಗಿತೋ, ಇಡೀ ಬಿಲ್ಲು ಮನೆಯವರ ಹೆಗಲಿಗೆ. ಅದೇ 2025ರ ದರದಲ್ಲಿ ಯೂನಿಟ್ಟಿಗೆ 5.80ರಂತೆ 1,165 ರೂಪಾಯಿ 80 ಪೈಸೆ, ಮೇಲೆ ಆ 725; ತೆರಿಗೆ, ಸರ್ಚಾರ್ಜ್ ಬೇರೆ.

ಹೀಗಾಗಿ ತಿಂಗಳ ಕೊನೆಯ ವಾರ, ಮೀಟರಿನ ಲೆಕ್ಕದಲ್ಲಿ ಆ ತಿಂಗಳ ಬಳಕೆ 190 ಯೂನಿಟ್ ಮುಟ್ಟಿದ್ದರೆ, ತಣ್ಣೀರು ಸ್ನಾನದ ಆರೋಗ್ಯ ಲಾಭಗಳು ಮನೆಯಲ್ಲಿ ಇದ್ದಕ್ಕಿದ್ದಂತೆ ಚರ್ಚೆಗೆ ಬರುತ್ತವೆ.